ಡೊಳ್ಳಿನ ಪೆಟ್ಟು, ಕಂಪ್ಯೂಟರಿನ ಬಳ್ಳಿ

(ಸುವರ್ಣ ಮಹೋತ್ಸವದ ಎರಡನೆಯ ದಿನ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಈ ಮೈದಾನದಲ್ಲಿ ನಾನು ಮೂರು ವರ್ಷ ಪ್ರಾರ್ಥನೆಗೆ ನಿಂತವಳು. ಆಗ ಈ ಕಡೆ ಹೆಂಚಿನ ಎರಡು ಕೋಣೆ, ಆ ಕಡೆ ಒಂದು ಹುಣಸೆಮರ. ಮಳೆಗಾಲದಲ್ಲಿ ಎಂಟನೇ ತರಗತಿಯವರು ಒಂಬತ್ತನೆಯವರ ಕೋಣೆಗೆ ಹೋಗಿ ಕೂರುತ್ತಿದ್ದೆವು. ಹಾಗೆ ಕೂತು ಒಂಬತ್ತನೆಯವರ ಗಣಿತವನ್ನು ಒಂದು ವರ್ಷ ಮೊದಲೇ ಕೇಳಿಸಿಕೊಂಡ ಅದೃಷ್ಟವಂತರು ನಾವು.

ಸಂಘಟಕರು ಫೋನ್ ಮಾಡಿ, "ನಿಮ್ಮ ಕೆಲಸದ ಬಗ್ಗೆ ನಮ್ಮೂರಿನವರಿಗೆ ಅರ್ಥವಾಗುವ ಹಾಗೆ ಇಪ್ಪತ್ತು ನಿಮಿಷ ಮಾತಾಡಿ" ಎಂದರು. ನಮ್ಮಮ್ಮನಿಗೇ ಇನ್ನೂ ಅರ್ಥ ಮಾಡಿಸಲು ಆಗಿಲ್ಲ. "ಮಗಳು ಏನು ಮಾಡ್ತಾಳೆ?" ಎಂದು ಯಾರಾದರೂ ಕೇಳಿದರೆ "ಕಂಪ್ಯೂಟರಿನಾಗೆ ಗಿಡ ಬೆಳೆಸ್ತಾಳೆ" ಎನ್ನುತ್ತಾಳೆ. ಯೋಚಿಸಿ ನೋಡಿದರೆ ಅದಕ್ಕಿಂತ ಸರಿಯಾದ ವಿವರಣೆ ನನಗೂ ಗೊತ್ತಿಲ್ಲ. ಮನುಷ್ಯರ ಚಲನೆಯನ್ನು ಅಳೆದು, ಆ ಅಳತೆಯನ್ನೇ ಬೀಜ ಮಾಡಿ, ಕಂಪ್ಯೂಟರಿನಲ್ಲಿ ಗಿಡದಂತೆ, ಹವಳದಂತೆ, ಹುತ್ತದಂತೆ ಬೆಳೆಯುವ ಆಕಾರಗಳನ್ನು ಮಾಡುವುದು ನನ್ನ ಕೆಲಸ. ಚಲನೆಯನ್ನು ಅಳೆಯುವ ಭಾಗಕ್ಕೆ ಮೋಷನ್ ಕ್ಯಾಪ್ಚರ್ ಎನ್ನುತ್ತಾರೆ. ನಿಯಮ ಬರೆದು ಆಕಾರ ಬೆಳೆಸುವ ಭಾಗಕ್ಕೆ ಕಂಪ್ಯುಟೇಷನಲ್ ಡಿಸೈನ್ ಎನ್ನುತ್ತಾರೆ.

ಮೊದಲು ಅಳೆಯುವುದನ್ನು ಹೇಳುತ್ತೇನೆ. ರಾತ್ರಿ ದಾರಿಯಲ್ಲಿ ಟಾರ್ಚ್ ಬಿಟ್ಟರೆ ದನದ ಕಣ್ಣು ಹೊಳೆಯುವುದನ್ನು ಎಲ್ಲರೂ ನೋಡಿದ್ದೀರಿ. ಬೆಳಕು ಬಂದ ದಿಕ್ಕಿಗೇ ಅದು ತಿರುಗಿ ಹೋಗುತ್ತದೆ. ಅಂಥ ಗುಣವಿರುವ ಸಣ್ಣ ಸಣ್ಣ ಗುಂಡುಗಳನ್ನು ಕುಣಿಯುವವರ ಮೈಗೆ ಅಂಟಿಸುತ್ತೇವೆ. ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮಂಡಿ, ಹಿಮ್ಮಡಿ ಹೀಗೆ ಸುಮಾರು ಐವತ್ತು ಕಡೆ. ಸುತ್ತಲೂ ಕ್ಯಾಮೆರಾಗಳು. ಅವು ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಹೊಳೆಯುವ ಚುಕ್ಕಿಗಳನ್ನಷ್ಟೇ ಹಿಡಿಯುತ್ತವೆ. ಮುಖ, ಬಣ್ಣ, ಬಟ್ಟೆ ಯಾವುದೂ ಅವಕ್ಕೆ ಬೇಡ.

ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಿ ನೋಡಿ, ಕಷ್ಟ. ದೂರ ತಿಳಿಯಲು ಎರಡು ಕಣ್ಣು ಬೇಕು. ಇಲ್ಲಿಯೂ ಹಾಗೆಯೇ. ಒಂದೇ ಚುಕ್ಕಿಯನ್ನು ಕನಿಷ್ಠ ಎರಡು ಕ್ಯಾಮೆರಾ ಬೇರೆ ಬೇರೆ ಕೋನದಿಂದ ನೋಡಿದರೆ ಆ ಚುಕ್ಕಿ ಜಾಗದಲ್ಲಿ ಎಲ್ಲಿದೆ ಎಂದು ಲೆಕ್ಕ ಹಾಕಬಹುದು. ನಮ್ಮ ಗಣಿತದ ಮೇಷ್ಟ್ರು ಧ್ವಜಸ್ತಂಭದ ಎತ್ತರವನ್ನು ಏಣಿ ಹತ್ತದೆ ಕಂಡುಹಿಡಿಯುವುದನ್ನು ಇದೇ ಮೈದಾನದಲ್ಲಿ ತೋರಿಸಿದ್ದರು. ತ್ರಿಕೋನಮಿತಿ ಯಾತಕ್ಕೂ ಬರುವುದಿಲ್ಲ ಎಂದುಕೊಂಡಿರುವ ಮಕ್ಕಳು ದಯವಿಟ್ಟು ಇದನ್ನು ನೆನಪಿಡಿ. ನನ್ನ ಅನ್ನ ಅದರಿಂದಲೇ ಬರುತ್ತಿದೆ.

ಒಂದು ಲೆಕ್ಕ ಮಾಡೋಣ. ಐವತ್ತು ಚುಕ್ಕಿ. ಪ್ರತಿ ಚುಕ್ಕಿಗೆ ಉದ್ದ, ಅಗಲ, ಎತ್ತರ ಎಂದು ಮೂರು ಸಂಖ್ಯೆ. ಸೆಕೆಂಡಿಗೆ 120 ಸಲ ಅಳತೆ. ಅಂದರೆ ಒಂದು ಸೆಕೆಂಡಿಗೆ 18,000 ಸಂಖ್ಯೆ, ಒಂದು ನಿಮಿಷದ ಕುಣಿತಕ್ಕೆ 10,80,000 ಸಂಖ್ಯೆ. ಒಬ್ಬ ಮನುಷ್ಯ ಒಂದು ನಿಮಿಷ ಕುಣಿದರೆ ಹತ್ತು ಲಕ್ಷ ಸಂಖ್ಯೆ!

ಇದು ಇವತ್ತಿನ ಆಲೋಚನೆಯಲ್ಲ. ಫ್ರಾನ್ಸಿನ ಶರೀರಶಾಸ್ತ್ರಜ್ಞ ಎತಿಯೆನ್ ಜೂಲ್ ಮಾರೆ 1880ರ ದಶಕದಲ್ಲೇ ಮನುಷ್ಯನಿಗೆ ಕಪ್ಪು ಬಟ್ಟೆ ತೊಡಿಸಿ, ಕೈಕಾಲಿನ ಉದ್ದಕ್ಕೆ ಬಿಳಿ ಪಟ್ಟಿ ಅಂಟಿಸಿ, ಕಪ್ಪು ಹಿನ್ನೆಲೆಯ ಮುಂದೆ ನಡೆಸಿ, ಒಂದೇ ಫೋಟೋದಲ್ಲಿ ನಡಿಗೆಯ ಎಲ್ಲ ಹಂತಗಳನ್ನೂ ಹಿಡಿದ. ಆ ಚಿತ್ರದಲ್ಲಿ ಮನುಷ್ಯ ಕಾಣುವುದಿಲ್ಲ, ಗೆರೆಗಳು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. 1973ರಲ್ಲಿ ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೊಹಾನ್ಸನ್ ಇನ್ನೊಂದು ಸಂಗತಿ ತೋರಿಸಿದ. ಕತ್ತಲಲ್ಲಿ ಹತ್ತು ಹನ್ನೆರಡು ಬೆಳಕಿನ ಚುಕ್ಕಿ ಮಾತ್ರ ಕಂಡರೂ, ಅವು ಚಲಿಸಿದ ಕೂಡಲೇ "ಮನುಷ್ಯ ನಡೆಯುತ್ತಿದ್ದಾನೆ" ಎಂದು ನಮಗೆ ಗೊತ್ತಾಗುತ್ತದೆ. ನಿಂತರೆ ಬರೀ ಚುಕ್ಕಿ, ನಡೆದರೆ ಮನುಷ್ಯ. ದೂರದ ಗದ್ದೆಬದುವಿನಲ್ಲಿ ಬರುತ್ತಿರುವವರು ಯಾರೆಂದು ಮುಖ ಕಾಣುವ ಮೊದಲೇ ನಡಿಗೆಯಿಂದ ನೀವು ಹೇಳುವುದಿಲ್ಲವೇ? ಅದೇ ಇದು.

ಸಿನಿಮಾದವರು ಇದನ್ನು ಬಳಸಿದ್ದು ನಿಮಗೆ ಗೊತ್ತಿರಬಹುದು. ರಜನಿಕಾಂತ್ ಅವರ 2014ರ 'ಕೊಚ್ಚಡೈಯಾನ್' ಈ ರೀತಿಯಲ್ಲೇ ಮಾಡಿದ್ದು. ಆದರೆ ನನ್ನ ದಾರಿ ಬದಲಿಸಿದ್ದು ಸಿನಿಮಾ ಅಲ್ಲ. ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನ್ನಿಂಗ್‌ಹ್ಯಾಮ್ ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ, 1999ರಲ್ಲಿ, 'ಬೈಪೆಡ್' ಎಂಬ ನೃತ್ಯ ಮಾಡಿದರು. ಪಾಲ್ ಕೈಸರ್ ಮತ್ತು ಶೆಲ್ಲಿ ಎಷ್ಕರ್ ಎಂಬ ಕಲಾವಿದರು ನರ್ತಕರ ಚಲನೆಯನ್ನು ಅಳೆದು, ಕೈಯಲ್ಲಿ ಗೀಚಿದ ಗೆರೆಗಳಂತೆ ಕಾಣುವ ಆಕೃತಿಗಳನ್ನು ಮಾಡಿದರು. ರಂಗದ ಮುಂದೆ ತೆಳು ಪರದೆ, ಅದರ ಮೇಲೆ ಆ ಬೆಳಕಿನ ಆಕೃತಿಗಳು, ಹಿಂದೆ ನಿಜವಾದ ನರ್ತಕರು. ಅದರ ವಿಡಿಯೋ ನೋಡಿದ ದಿನ ನನಗೆ ನಮ್ಮೂರಿನ ಜಾತ್ರೆಯ ಡೊಳ್ಳು ನೆನಪಾಯಿತು.

ಈಗ ಎರಡನೆಯ ಭಾಗ, ಬೆಳೆಸುವುದು. ಇದಕ್ಕೆ ನನ್ನ ಮೊದಲ ಗುರು ನಮ್ಮ ಡ್ರಾಯಿಂಗ್ ಮೇಷ್ಟ್ರು. ಒಂದು ದಿನ ಹುಣಸೆ ಎಲೆ ಬರೆಯಲು ಹೇಳಿದರು. ನಾನು ಒಂದೊಂದೇ ಎಲೆ ನೋಡಿ ಬರೆಯುತ್ತಾ ಕೂತೆ. ಅವರು ಬಂದು, "ಎಲೆ ಎಣಿಸಬೇಡ. ಕಡ್ಡಿ ಹೇಗೆ ಹೊರಟಿತು, ಎಲೆ ಜೋಡಿ ಹೇಗೆ ಹುಟ್ಟಿತು ನೋಡು. ಅದು ಗೊತ್ತಾದರೆ ಮರ ಪೂರ್ತಿ ಬರೀಬಹುದು" ಎಂದರು. ಆಗ ಅರ್ಥವಾಗಲಿಲ್ಲ.

ಹಂಗೇರಿಯ ಜೀವಶಾಸ್ತ್ರಜ್ಞ ಅರಿಸ್ಟಿಡ್ ಲಿಂಡೆನ್‌ಮಾಯರ್ 1968ರಲ್ಲಿ ಇದನ್ನೇ ಗಣಿತದಲ್ಲಿ ಹೇಳಿದ. ಬೋರ್ಡ್ ಇಲ್ಲ, ಆದ್ದರಿಂದ ಬಾಯಲ್ಲೇ ಹೇಳುತ್ತೇನೆ. ಎರಡೇ ನಿಯಮ. 'ಅ' ಇದ್ದ ಕಡೆ 'ಅಬ' ಬರೆಯಿರಿ. 'ಬ' ಇದ್ದ ಕಡೆ 'ಅ' ಬರೆಯಿರಿ. 'ಅ' ಇಂದ ಹೊರಟರೆ ಮೊದಲು 'ಅಬ', ಆಮೇಲೆ 'ಅಬಅ', ಆಮೇಲೆ 'ಅಬಅಅಬ'. ಅಕ್ಷರಗಳನ್ನು ಎಣಿಸಿ: 1, 2, 3, 5, ಮುಂದೆ 8, 13. ಪ್ರತಿ ಸಂಖ್ಯೆಯೂ ಹಿಂದಿನ ಎರಡರ ಮೊತ್ತ. ಪಾಚಿಯ ಕೋಶಗಳು ಹೆಚ್ಚುವ ಬಗೆಯನ್ನು ಹೇಳಲು ಆತ ಇದನ್ನು ಮಾಡಿದ್ದು. ಇಂಥ ನಿಯಮಕ್ಕೆ 'ಇಲ್ಲಿ ಕವಲೊಡೆ', 'ಇಷ್ಟು ಡಿಗ್ರಿ ತಿರುಗು' ಎಂದು ಸೇರಿಸಿದರೆ ಪರದೆಯ ಮೇಲೆ ಗಿಡ ಏಳುತ್ತದೆ. ಸೂರ್ಯಕಾಂತಿಯ ಕಾಳುಗಳೂ ಹಾಗೆಯೇ. ಹೊಸ ಕಾಳು ಪ್ರತಿ ಸಲ ಸುಮಾರು 137.5 ಡಿಗ್ರಿ ತಿರುಗಿ ಕೂರುತ್ತದೆ. ಆ ಒಂದು ಕೋನದಿಂದಲೇ ಹೂವಿನ ಇಡೀ ಸುರುಳಿ ಬರುತ್ತದೆ. ಯಾರೂ ಸುರುಳಿಯನ್ನು ಬರೆಯುವುದಿಲ್ಲ.

ನಮ್ಮ ವಿನ್ಯಾಸವೂ ಅಂಥದ್ದು. ನಾನು ಆಕಾರ ಬರೆಯುವುದಿಲ್ಲ, ನಿಯಮ ಬರೆಯುತ್ತೇನೆ. ಕುಣಿಯುವವರ ಕೈ ನಿಧಾನವಾದಾಗ ಬಳ್ಳಿ ದಪ್ಪವಾಗಲಿ, ಕವಲೊಡೆಯಲಿ; ಕೈ ಬೀಸಿದಾಗ ಎಳೆಯಾಗಿ ಚಾಚಲಿ; ಪಾದ ನೆಲಕ್ಕೆ ಬಿದ್ದ ಕಡೆ ಬೇರು ಇಳಿಯಲಿ. ಆಮೇಲೆ ಕುಣಿತದ ಹತ್ತು ಲಕ್ಷ ಸಂಖ್ಯೆಗಳನ್ನು ಆ ನಿಯಮಕ್ಕೆ ಉಣಿಸುತ್ತೇನೆ. ಏನು ಬೆಳೆಯುತ್ತದೆಂದು ನನಗೂ ಮೊದಲೇ ಗೊತ್ತಿರುವುದಿಲ್ಲ. ಬಿತ್ತಿದ ಮೇಲೆ ಕಾಯುವುದಷ್ಟೇ.

ಇಷ್ಟು ಹೇಳಿದ್ದು ಮುಂದಿನ ಮಾತಿಗೆ ಪೀಠಿಕೆ. ಈ ಊರಿಗೆ ಬಂದು ಇದನ್ನು ಹೇಳದೆ ಹೋದರೆ ನನಗೆ ಸಮಾಧಾನವಿರುವುದಿಲ್ಲ.

ನಮ್ಮೂರಿನ ಡೊಳ್ಳಿನ ಅಜ್ಜನನ್ನು ನೀವೆಲ್ಲ ಬಲ್ಲಿರಿ. ಬೀರಪ್ಪನ ಜಾತ್ರೆಯಲ್ಲಿ ಅವರು ಮೊದಲ ಪೆಟ್ಟು ಹಾಕಿದ ಮೇಲೆಯೇ ಮೇಳ ಶುರು. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅವರ ಹತ್ತಿರ ಹೋಗಿ ಡೊಳ್ಳು ಕಲಿಸಿ ಎಂದಿದ್ದೆ. ಆಗ ಹುಡುಗಿಯರು ಡೊಳ್ಳು ಮುಟ್ಟುವ ರೂಢಿ ನಮ್ಮೂರಿನಲ್ಲಿ ಇರಲಿಲ್ಲ. ಅವರು ಬೈಯಲಿಲ್ಲ. "ಮೊದಲು ಪರೀಕ್ಷೆ ಪಾಸು ಮಾಡವ್ವ" ಎಂದು ಕಳಿಸಿದರು.

ಎಷ್ಟೋ ವರ್ಷದ ಮೇಲೆ, ನಾನು ಕೆಲಸ ಮಾಡುತ್ತಿದ್ದ ಬೆಂಗಳೂರಿನ ಒಂದು ಕಂಪನಿಗೆ ದೊಡ್ಡ ಕಟ್ಟಡವೊಂದರ ಒಳಾಂಗಣಕ್ಕೆ ಬೆಳಕಿನ ಕಲಾಕೃತಿ ಮಾಡುವ ಕೆಲಸ ಬಂತು. ನಾನೇ ಡೊಳ್ಳಿನ ಮಾತೆತ್ತಿದೆ, ನಾನೇ ಅಜ್ಜನನ್ನು ಕರೆಸಿದೆ.

ಮೊದಲ ದಿನವೇ ತೊಂದರೆ. ಡೊಳ್ಳು ಎದೆ, ಹೊಟ್ಟೆ ಎರಡನ್ನೂ ಮುಚ್ಚುತ್ತದೆ, ಕ್ಯಾಮೆರಾಕ್ಕೆ ಚುಕ್ಕಿ ಕಾಣುವುದಿಲ್ಲ. ಡೊಳ್ಳಿಲ್ಲದೆ ಕುಣಿಯಿರಿ ಎಂದೆವು. ಕುಣಿದರು, ಆದರೆ ಬೆನ್ನು ನೆಟ್ಟಗಾಗಿತ್ತು. ಡೊಳ್ಳಿನ ಭಾರ ಹೊತ್ತವನ ಸೊಂಟ ಹಿಂದಕ್ಕೆ ವಾಲುತ್ತದೆ. ಭಾರವಿಲ್ಲದೆ ಆ ವಾಲು ಬರುವುದಿಲ್ಲ. ಸರಿ, ಡೊಳ್ಳು ಕಟ್ಟಿಸಿದೆವು, ಕ್ಯಾಮೆರಾಗಳ ಜಾಗ ಬದಲಿಸಿದೆವು. ಆಮೇಲೆ ಗೆಜ್ಜೆ. ಹಿತ್ತಾಳೆ ಗೆಜ್ಜೆ ಹೊಳೆದು ಕ್ಯಾಮೆರಾ ಅದನ್ನೂ ಚುಕ್ಕಿ ಎಂದುಕೊಂಡಿತು. ಕಾಲಿನ ಸುತ್ತ ಇಲ್ಲದ ಚುಕ್ಕಿಗಳು ಹುಟ್ಟಿದವು. ಗೆಜ್ಜೆ ಬಿಚ್ಚಿ ಎಂದರೆ ಅಜ್ಜ ಒಪ್ಪಲಿಲ್ಲ. "ಗೆಜ್ಜೆ ಸದ್ದು ಕೇಳದಿದ್ರೆ ಕಾಲಿಗೆ ದಾರಿ ಗೊತ್ತಾಗಲ್ಲ" ಎಂದರು. ಕೊನೆಗೆ ಗೆಜ್ಜೆಗೆ ಕಪ್ಪು ಬಟ್ಟೆ ಸುತ್ತಿದೆವು. ಸದ್ದು ಸ್ವಲ್ಪ ಮಂಕಾಯಿತು, ಆದರೂ ಕೇಳುತ್ತಿತ್ತು. ಹಾಗೆ ಎರಡು ದಿನ ಕುಣಿದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು.

ಅಳತೆಯಲ್ಲಿ ಯಾವಾಗಲೂ ಸಣ್ಣ ನಡುಕ ಇರುತ್ತದೆ. ಅದನ್ನು ತೆಗೆಯಲು ಶೋಧಿಸುತ್ತೇವೆ, ಹಿಟ್ಟು ಜರಡಿ ಹಿಡಿದ ಹಾಗೆ. ನಡಿಗೆಯ ಅಧ್ಯಯನದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ ಆರು ಸಲಕ್ಕಿಂತ ವೇಗವಾಗಿ ಅಲುಗುವುದನ್ನೆಲ್ಲ ತೆಗೆದುಬಿಡುತ್ತಾರೆ. ನಾನೂ ಅದೇ ಜರಡಿ ಹಿಡಿದೆ. ಬಳ್ಳಿ ಚೆನ್ನಾಗಿ ಬೆಳೆಯಿತು. ನುಣುಪಾದ, ತೇಲುವಂಥ ಆಕಾರ. ಕಂಪನಿಯವರಿಗೆ ಬಹಳ ಹಿಡಿಸಿತು.

ಅಜ್ಜನಿಗೆ ತೋರಿಸಿದೆ. ತುಂಬಾ ಹೊತ್ತು ನೋಡಿದರು. ಆಮೇಲೆ ಹೇಳಿದರು: "ಚಂದ ಐತವ್ವ. ಆದ್ರೆ ಇದ್ರಾಗೆ ಪೆಟ್ಟೇ ಇಲ್ಲವಲ್ಲ."

ಮೂಲ ಅಳತೆಯನ್ನು ತೆಗೆದು ನೋಡಿದೆ. ಗುಣಿ ಡೊಳ್ಳಿಗೆ ಬೀಳುವ ಮುಂಚೆ ಅವರ ಮಣಿಕಟ್ಟು ಒಂದು ಸಣ್ಣ ಹಿಂದೇಟು ಹಾಕಿ ಫಕ್ಕನೆ ತಿರುಗುತ್ತಿತ್ತು. ಅದು ಆರರ ಜರಡಿಗೆ ಸಿಗದಷ್ಟು ಚುರುಕು. ನಡೆಯುವವರಿಗೆ ಮಾಡಿದ ಜರಡಿಯಲ್ಲಿ ಬಾರಿಸುವವರ ಕೈಯನ್ನು ಶೋಧಿಸಿದ್ದೆ. ನಾನು ಕಸ ಎಂದು ಚೆಲ್ಲಿದ್ದು ಅವರ ಐವತ್ತು ವರ್ಷದ ವಿದ್ಯೆ. ಎಂಜಿನಿಯರುಗಳು ನಾಲ್ಕು ಜನ ನೋಡಿದ್ದೆವು, ಯಾರಿಗೂ ಗೊತ್ತಾಗಿರಲಿಲ್ಲ. ಅಕ್ಷರ ಹೆಚ್ಚು ಓದದ ಅಜ್ಜ ಒಂದೇ ನೋಟಕ್ಕೆ ಹೇಳಿದರು.

ಜರಡಿಯ ಕಣ್ಣು ಹಿಗ್ಗಿಸಿ ಮತ್ತೆ ಬೆಳೆಸಿದೆ. ಈ ಸಲ ಬಳ್ಳಿ ನುಣುಪಾಗಿರಲಿಲ್ಲ. ಪ್ರತಿ ಪೆಟ್ಟಿಗೂ ಒಂದು ಗಂಟು, ಗಂಟಿನಿಂದ ಮುಳ್ಳಿನಂತೆ ಚಿಗುರು. ಕಳಲೆ ಒಡೆಯುವಾಗ ಇರುತ್ತದಲ್ಲ, ಹಾಗೆ. ಅಜ್ಜ ನೋಡಿ ಸುಮ್ಮನೆ ತಲೆಯಾಡಿಸಿದರು. ಆದರೆ ಕಂಪನಿ ನುಣುಪಾದದ್ದನ್ನೇ ಇಟ್ಟುಕೊಂಡಿತು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಅಜ್ಜ ಬಂದ ದಿನ ಒಂದು ಕರಾರು ಪತ್ರಕ್ಕೆ ಸಹಿ ಹಾಕಿಸಿದ್ದೆವು. ಇಂಗ್ಲಿಷಿನಲ್ಲಿ ಏಳು ಪುಟ. ಅದರಲ್ಲಿ ಏನಿದೆ ಎಂದು ಅವರು ಕೇಳಿದಾಗ ನಾನು "ಎರಡು ದಿನದ ಸಂಭಾವನೆ, ಬಸ್ ಚಾರ್ಜು ಕೊಡ್ತಾರೆ ಅಂತ ಇದೆ ಅಜ್ಜ" ಎಂದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅವರ ಚಲನೆಯ ಅಳತೆ ಎಂದೆಂದಿಗೂ ಕಂಪನಿಯದು, ಎಲ್ಲಿ ಬೇಕಾದರೂ ಬಳಸಬಹುದು ಎಂದೂ ಅದರಲ್ಲಿ ಇತ್ತು. ಕಲಾಕೃತಿ ಉದ್ಘಾಟನೆಯಾದಾಗ ಫಲಕದಲ್ಲಿ ಕಂಪನಿಯ ಹೆಸರಿತ್ತು, ವಿನ್ಯಾಸ ಎಂದು ನನ್ನ ಹೆಸರಿತ್ತು. ಅಜ್ಜನ ಹೆಸರಿರಲಿಲ್ಲ. ನಾನು ಆ ಫಲಕದ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ. ಆ ಫೋಟೋ ನಮ್ಮ ಮನೆಯಲ್ಲಿ ಇನ್ನೂ ಇದೆ, ಅಮ್ಮ ತೂಗುಹಾಕಿದ್ದಾಳೆ.

ಅಜ್ಜ ಇದನ್ನು ಕೇಳಲೇ ಇಲ್ಲ. ಎರಡು ವರ್ಷದ ಮೇಲೆ ತೀರಿಕೊಂಡರು. ಮಣ್ಣಿಗೆ ಬಂದಿದ್ದಾಗ ಅವರ ಮೊಮ್ಮಗಳು ನನ್ನ ಫೋನಿನಲ್ಲಿ ಆ ಕಲಾಕೃತಿಯ ವಿಡಿಯೋ ನೋಡಿ, "ಅಕ್ಕಾ, ಇದರಲ್ಲಿ ನಮ್ಮಜ್ಜ ಎಲ್ಲಿ?" ಎಂದಳು. ನನಗೆ ಉತ್ತರ ಹೇಳಲು ಆಗಲಿಲ್ಲ.

ಆಮೇಲೆ ಕಾನೂನು ಓದಿದೆ. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿಯಲ್ಲಿ ಪ್ರದರ್ಶನ ನೀಡುವವರ ಹಕ್ಕು ಸೇರಿದೆ. 2012ರ ತಿದ್ದುಪಡಿಯಲ್ಲಿ, ಪ್ರದರ್ಶನ ನೀಡಿದವರು ತಾವೇ ಅದನ್ನು ಮಾಡಿದವರೆಂದು ಗುರುತಿಸಿಕೊಳ್ಳುವ ಹಕ್ಕೂ ಸೇರಿದೆ. ನಟ, ಗಾಯಕ, ನರ್ತಕ, ವಾದ್ಯಗಾರ ಮಾತ್ರವಲ್ಲ, ದೊಂಬರಾಟದವರು, ಹಾವಾಡಿಸುವವರು, ಭಾಷಣ ಮಾಡುವವರು ಕೂಡ ಆ ಪಟ್ಟಿಯಲ್ಲಿದ್ದಾರೆ. ಅಂದರೆ ಈಗ ನಿಮ್ಮನ್ನು ಬಿಸಿಲಲ್ಲಿ ಕೂರಿಸಿರುವ ನಾನೂ ಇದ್ದೇನೆ! ಹೀಗೆ ಅಳೆದ ಸಂಖ್ಯೆಗಳಿಗೆ ಈ ಹಕ್ಕು ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನು ವಕೀಲರು ವಾದಿಸಲಿ. ಹೆಸರು ಹಾಕುವುದಕ್ಕೆ ನನಗೆ ವಕೀಲರ ಅಗತ್ಯವಿರಲಿಲ್ಲ. ಆದರೂ ಹಾಕಿಸಲಿಲ್ಲ.

ಆ ಕಂಪನಿಗೆ ಪತ್ರದ ಮೇಲೆ ಪತ್ರ ಬರೆದೆ. ಕೆಲಸ ಬಿಟ್ಟ ಮೇಲೂ ಬರೆದೆ. ಫಲಕ ಬದಲಾಗಲಿಲ್ಲ, ಈಗ ಆ ಪರದೆಯಲ್ಲಿ ಬೇರೇನೋ ಓಡುತ್ತಿದೆ. ಆದರೆ ಕಳೆದ ವರ್ಷ ನಾಲ್ಕು ನಿಮಿಷದ ಮೂಲ ಅಳತೆಯನ್ನು, ಶೋಧಿಸದೆ ಇರುವುದನ್ನು, ಕಲಿಕೆಗೆ ಮಾತ್ರ ಬಳಸಬಹುದು ಎಂಬ ಷರತ್ತಿನ ಮೇಲೆ ಕೊಟ್ಟರು. ಅದು ಈ ಪೆನ್‌ಡ್ರೈವಿನಲ್ಲಿದೆ. ಇದರ ಒಂದು ಪ್ರತಿಯನ್ನು ಅವರ ಮನೆಯವರಿಗೆ ನಿನ್ನೆ ಕೊಟ್ಟಿದ್ದೇನೆ. ಅವರ ಒಪ್ಪಿಗೆಯಿಂದ ಇನ್ನೊಂದು ಪ್ರತಿಯನ್ನು ಇವತ್ತು ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತೇನೆ. ಶಾಲೆಯ ಕಂಪ್ಯೂಟರಿನಲ್ಲಿ ತೆರೆಯಲು ಬೇಕಾದ ತಂತ್ರಾಂಶ ಉಚಿತ; ಹಾಕಿಕೊಡುತ್ತೇನೆ. ತೆರೆದರೆ ಐವತ್ತು ಚುಕ್ಕಿ ಕಾಣುತ್ತವೆ. ಅವು ಅಲುಗಿದ ಕೂಡಲೇ ಅಜ್ಜ ಎಂದು ನೀವೇ ಹೇಳುತ್ತೀರಿ. ಕಡತದ ಮೊದಲ ಸಾಲಿನಲ್ಲಿ ಅವರ ಹೆಸರು, ಊರಿನ ಹೆಸರು, ಮೇಳದ ಹೆಸರು ಬರೆದಿದ್ದೇನೆ.

ಈಗ ನಾನು ಸ್ವಂತವಾಗಿ ಸಣ್ಣ ಮಟ್ಟದಲ್ಲಿ ಕೆಲಸ ಮಾಡುತ್ತೇನೆ. ಕಲಾವಿದರನ್ನು ಕರೆಸಿದರೆ ಕರಾರು ಕನ್ನಡದಲ್ಲಿ, ಎರಡೇ ಪುಟ, ಓದಿ ಹೇಳಿದ ಮೇಲೆಯೇ ಸಹಿ. ಅಳತೆಯ ಒಂದು ಪ್ರತಿ ಅವರಿಗೆ. ಎರಡನೆಯ ಸಲ ಬಳಸಿದರೆ ಎರಡನೆಯ ಸಲ ಹಣ. ಬೆಳೆದ ಆಕಾರವನ್ನು ಮೊದಲು ಅವರಿಗೆ ತೋರಿಸುವುದು. ಅವರು "ಇದ್ರಾಗೆ ನಾನಿಲ್ಲ" ಎಂದರೆ ಮತ್ತೆ ಬೆಳೆಸುವುದು. ಇದರಿಂದ ಎರಡು ಕೆಲಸ ಕೈತಪ್ಪಿದ್ದೂ ಉಂಟು. ನಷ್ಟವಾದರೂ ನಿದ್ದೆ ಬರುತ್ತದೆ.

"ಇನ್ನು ಕಂಪ್ಯೂಟರೇ ಡೊಳ್ಳು ಬಾರಿಸುತ್ತದಾ?" ಎಂದು ನಿನ್ನೆ ಚಹಾದ ಅಂಗಡಿಯಲ್ಲಿ ಒಬ್ಬರು ಕೇಳಿದರು. ಕಂಪ್ಯೂಟರಿಗೆ ಭಾರ ಗೊತ್ತಿಲ್ಲ. ಯಾರೋ ಹೊತ್ತು ಕುಣಿದರೆ ಅದು ನೆನಪಿಟ್ಟುಕೊಳ್ಳುತ್ತದೆ, ಅಷ್ಟೇ. ಕುಣಿಯುವವರು ಇಲ್ಲದ ದಿನ ನನ್ನ ಗಿಡಕ್ಕೆ ಬೀಜವೂ ಇಲ್ಲ.

ಬೀಜ ಇದೆ ಎಂದು ನಿನ್ನೆ ಸಂಜೆ ಇಲ್ಲೇ ಕಂಡೆ. ನಮ್ಮ ಶಾಲೆಯ ಹುಡುಗಿಯರ ಡೊಳ್ಳು ಮೇಳ ಇದೇ ವೇದಿಕೆಯಲ್ಲಿ ಬಾರಿಸಿತು. ಮುಂದಿನ ಸಾಲಿನಲ್ಲಿ ಅಜ್ಜನ ಮೊಮ್ಮಗಳು. ಅವಳ ಬಲಗೈಯನ್ನು ನೋಡುತ್ತಾ ಕೂತಿದ್ದೆ. ಗುಣಿ ಬೀಳುವ ಮುಂಚೆ ಮಣಿಕಟ್ಟು ಒಂದು ಸಣ್ಣ ಹಿಂದೇಟು ಹಾಕುತ್ತಿತ್ತು. ಯಾವ ಕ್ಯಾಮೆರಾವೂ ಬೇಕಾಗಲಿಲ್ಲ.

ಮಕ್ಕಳೇ, ಗಣಿತ ಬಿಡಬೇಡಿ, ಚಿತ್ರ ಬರೆಯುವುದನ್ನೂ ಬಿಡಬೇಡಿ. ಯಾರಾದರೂ ಸಹಿ ಹಾಕಿ ಎಂದು ಕಾಗದ ಕೊಟ್ಟರೆ ಓದಿ. ನಿಮ್ಮ ಮನೆಯ ಹಿರಿಯರಿಗೆ ಕೊಟ್ಟರೆ ಅವರಿಗೆ ಪೂರ್ತಿ ಓದಿ ಹೇಳಿ, ನಾನು ಮಾಡಿದಂತೆ ಅರ್ಧ ಹೇಳಬೇಡಿ.

ಈ ಶಾಲೆ ನನಗೆ ತ್ರಿಕೋನವನ್ನೂ ಹುಣಸೆ ಎಲೆಯನ್ನೂ ಕಲಿಸಿತು. ಈ ಊರು ಪೆಟ್ಟು ಎಲ್ಲಿದೆ ಎಂದು ತೋರಿಸಿತು. ಎರಡಕ್ಕೂ ತಲೆಬಾಗುತ್ತೇನೆ.